ಲಕೋಟೆಯ ಮೇಲಿದ್ದ ಹೆಸರು

ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲಿ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ಓದಿ ಮುಗಿಸಿದ್ದೆ. ಓದಿದ ಕಥೆಯನ್ನು ಅಮ್ಮನಿಗೆ ಹೇಳುವುದು ನಮ್ಮ ಮನೆಯಲ್ಲಿ ರೂಢಿ. ಅಮ್ಮ ಹಜಾರದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನು ಶುರು ಮಾಡಿದೆ.

"ಒಬ್ಬಳು ಹುಡುಗಿ ಇರ್ತಾಳೆ ಅಮ್ಮ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿರ್ತಾರೆ. ಒಬ್ಬ ಶ್ರೀಮಂತ ಹೆಂಗಸಿನ ಜೊತೆ ಸಂಬಳಕ್ಕೆ ಇರ್ತಾಳೆ."

"ಏನವಳ ಹೆಸರು?"

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮರೆತಿರಬೇಕು ಅಂದುಕೊಂಡು ಒಳಗೆ ಹೋಗಿ ಪುಸ್ತಕ ತಿರುವಿ ಹಾಕಿದೆ. ಮೊದಲ ಅಧ್ಯಾಯದಲ್ಲಿ ಇಲ್ಲ, ಮಧ್ಯದಲ್ಲಿ ಇಲ್ಲ, ಕೊನೆಯ ಪುಟದಲ್ಲೂ ಇಲ್ಲ. ಇಡೀ ಕಥೆ ಹೇಳುವವಳೇ ಅವಳು. ಅವಳ ಜೊತೆ ಅಷ್ಟು ದಿನ ಇದ್ದೆ, ಅವಳ ಭಯಕ್ಕೆ ನಾನೂ ಹೆದರಿದ್ದೆ. ಅವಳಿಗೆ ಹೆಸರಿಲ್ಲ ಅನ್ನುವುದು ಮಾತ್ರ ಒಂದು ಸಲವೂ ಹೊಳೆದಿರಲಿಲ್ಲ.

ಆ ಪುಸ್ತಕ ಡ್ಯಾಫ್ನೆ ಡು ಮೋರಿಯೇ ಬರೆದ 'ರೆಬೆಕ್ಕಾ'. 1938ರ ಆಗಸ್ಟ್‌ನಲ್ಲಿ ಲಂಡನ್ನಿನ ವಿಕ್ಟರ್ ಗೊಲಾಂಜ್ ಪ್ರಕಾಶನದಿಂದ ಬಂತು. ನಿರೂಪಕಿಯ ನಿಜವಾದ ಹೆಸರೇನು ಎಂದು ಅಂದಿನಿಂದ ಓದುಗರು ಕೇಳುತ್ತಲೇ ಇದ್ದಾರೆ. ನಾನೂ ಆ ಪುಸ್ತಕವನ್ನು ಹಲವು ಸಲ ಓದಿದ್ದೇನೆ, ಹೆಸರು ಹುಡುಕುವುದಕ್ಕಾಗಿಯೇ ಎರಡು ಸಲ ಓದಿದ್ದೇನೆ. ನನಗೆ ಸಿಕ್ಕಿದ್ದನ್ನು ಇಲ್ಲಿ ಒಂದು ಪ್ರಕರಣದಂತೆ ಬಿಡಿಸಿ ಬರೆಯುತ್ತಿದ್ದೇನೆ. ಕಥೆಯ ಗುಟ್ಟುಗಳನ್ನು ಮುಚ್ಚಿಟ್ಟು ಇದನ್ನು ಬರೆಯಲು ಆಗುವುದಿಲ್ಲ. ಪುಸ್ತಕ ಓದದವರು ಮೊದಲು ಅದನ್ನು ಓದಿ ಬಂದರೆ ಒಳ್ಳೆಯದು.

ನಡೆದದ್ದು

ಹುಡುಗಿಗೆ ಇಪ್ಪತ್ತೊಂದು ವರ್ಷ. ಮಿಸೆಸ್ ವ್ಯಾನ್ ಹಾಪರ್ ಎಂಬ ಅಮೆರಿಕನ್ ಹೆಂಗಸಿನ ಸಂಗಾತಿಯಾಗಿ ಮಾಂಟೆ ಕಾರ್ಲೋದ ಹೋಟೆಲಿನಲ್ಲಿ ಇದ್ದಾಳೆ. ವರ್ಷಕ್ಕೆ ತೊಂಬತ್ತು ಪೌಂಡ್ ಸಂಬಳ. ಅಲ್ಲಿಗೆ ಮ್ಯಾಕ್ಸಿಮ್ ಡಿ ವಿಂಟರ್ ಬರುತ್ತಾನೆ. ಅವನ ವಯಸ್ಸು ಇವಳ ಎರಡರಷ್ಟು. ಹೆಂಡತಿ ರೆಬೆಕ್ಕಾ ಸತ್ತು ವರ್ಷ ತುಂಬಿಲ್ಲ, ಸಮುದ್ರದಲ್ಲಿ ಮುಳುಗಿದಳು ಅನ್ನುವುದು ಎಲ್ಲರ ನಂಬಿಕೆ. ಕೆಲವೇ ವಾರಗಳಲ್ಲಿ ಅವನು ಈ ಹುಡುಗಿಯನ್ನು ಮದುವೆಯಾಗಿ ತನ್ನ ಮ್ಯಾಂಡರ್ಲಿ ಎಂಬ ದೊಡ್ಡ ಬಂಗಲೆಗೆ ಕರೆತರುತ್ತಾನೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಅವಳದ್ದು ಎರಡನೇ ಸಂಬಂಧ. ಸವತಿ ಸತ್ತಿದ್ದಾಳೆ, ಆದರೆ ಮನೆ ತುಂಬಾ ಅವಳದ್ದೇ ಹೆಸರು.

ಈ ಪುಸ್ತಕದಲ್ಲಿ ಹೆಸರಿಗೇನೂ ಬರ ಇಲ್ಲ. ಬಟ್ಲರ್ ಫ್ರಿತ್. ಕೆಲಸದ ಹುಡುಗಿ ಕ್ಲಾರಿಸ್. ನಾಯಿ ಜ್ಯಾಸ್ಪರ್. ಸಮುದ್ರದ ದಂಡೆಯಲ್ಲಿ ಅಲೆಯುವ ಬುದ್ಧಿ ಬೆಳೆಯದ ಬೆನ್. ದೋಣಿಗೂ ಒಂದು ಹೆಸರಿದೆ, 'ನಾನು ಮರಳಿ ಬರುತ್ತೇನೆ' ಅನ್ನುವ ಅರ್ಥದ ಫ್ರೆಂಚ್ ಹೆಸರು. ಮ್ಯಾಕ್ಸಿಮ್ ತನ್ನ ಹೆಸರುಗಳನ್ನು ಒಂದು ಕಡೆ ಸಾಲಾಗಿ ಹೇಳುತ್ತಾನೆ: ಜಾರ್ಜ್ ಫೋರ್ಟೆಸ್ಕ್ಯೂ ಮ್ಯಾಕ್ಸಿಮಿಲಿಯನ್. ಮನೆಯವರು ಮ್ಯಾಕ್ಸಿಮ್ ಅಂತ ಕರೀತಾರೆ, ನೀನೂ ಹಾಗೇ ಕರಿ ಎನ್ನುತ್ತಾನೆ. ಒಬ್ಬನಿಗೇ ಇಷ್ಟೊಂದು ಹೆಸರು. ಕಥೆ ಹೇಳುವವಳಿಗೆ ಒಂದೂ ಇಲ್ಲ.

ಸಾಕ್ಷಿಗಳು

ಹೆಸರಿನ ಬಗ್ಗೆ ಪುಸ್ತಕ ಕೊಡುವ ಸುಳಿವು ತೀರಾ ಕಮ್ಮಿ. ಮುಖ್ಯವಾದವು ಎರಡು, ಎರಡೂ ಮಾಂಟೆ ಕಾರ್ಲೋದಲ್ಲೇ ಸಿಗುತ್ತವೆ.

ಮೊದಲನೆಯದು ಒಂದು ಚೀಟಿ. ಮಿಸೆಸ್ ವ್ಯಾನ್ ಹಾಪರ್ ಮೈಮೇಲೆ ಬಿದ್ದು ಮಾತಾಡಿಸಿದಾಗ ಮ್ಯಾಕ್ಸಿಮ್ ಸ್ವಲ್ಪ ಒರಟಾಗಿ ಉತ್ತರಿಸಿರುತ್ತಾನೆ. ಆಮೇಲೆ ಹುಡುಗಿಗೆ ಅವನಿಂದ ಒಂದು ಚೀಟಿ ಬರುತ್ತದೆ. ಒರಟಾಗಿ ನಡೆದುಕೊಂಡೆ, ಕ್ಷಮಿಸು ಎಂದು ಬರೆದಿರುತ್ತಾನೆ. ಕೆಳಗೆ ಸಹಿ ಇಲ್ಲ, ಮೇಲೆ ಸಂಬೋಧನೆಯೂ ಇಲ್ಲ. ಆದರೆ ಲಕೋಟೆಯ ಮೇಲೆ ಅವಳ ಹೆಸರಿದೆ. ಕಾಗುಣಿತ ತಪ್ಪಿಲ್ಲದೆ ಇದೆ. ತಪ್ಪಿಲ್ಲದೆ ಇರುವುದು ಅಪರೂಪ ಎಂದು ಅವಳೇ ಹೇಳುತ್ತಾಳೆ.

ಎರಡನೆಯದು ಮರುದಿನದ ಊಟ. ಊಟದ ಕೋಣೆಯಲ್ಲಿ ಅವಳ ಕೈ ತಗುಲಿ ಹೂದಾನಿ ಉರುಳುತ್ತದೆ, ಮೇಜಿನ ಬಟ್ಟೆಯೆಲ್ಲಾ ಒದ್ದೆ. ಪಕ್ಕದ ಮೇಜಿನ ಮ್ಯಾಕ್ಸಿಮ್ ಅವಳನ್ನು ತನ್ನ ಜೊತೆ ಕೂರಿಸಿಕೊಳ್ಳುತ್ತಾನೆ. ನಿನ್ನ ಹೆಸರು ತುಂಬಾ ಚೆನ್ನಾಗಿದೆ, ಅಪರೂಪದ್ದು ಎನ್ನುತ್ತಾನೆ. ಅವಳು ಕೊಡುವ ಉತ್ತರ ಇದು: ನಮ್ಮಪ್ಪನೂ ಹಾಗೇ, ಚೆಂದದ ಅಪರೂಪದ ಮನುಷ್ಯ.

ಆಮೇಲೆ ಅವಳು ಅಪ್ಪನ ಬಗ್ಗೆ ಹೇಳುತ್ತಾ ಹೋಗುತ್ತಾಳೆ. ಅದುವರೆಗೆ ಯಾರ ಮುಂದೆಯೂ ಬಿಚ್ಚದ ಗಂಟು ಅದು. ಊಟದ ಕೊನೆಗೆ ಮ್ಯಾಕ್ಸಿಮ್ ಮತ್ತೆ ಹೆಸರಿನ ಮಾತು ತೆಗೆಯುತ್ತಾನೆ. ಆ ಹೆಸರು ನಿನ್ನ ಅಪ್ಪನಿಗೆ ಒಪ್ಪಿದಷ್ಟೇ ನಿನಗೂ ಒಪ್ಪುತ್ತದೆ ಎನ್ನುವುದು ಅವನ ಮಾತಿನ ಅರ್ಥ.

ಈ ಕೊನೆಯ ಮಾತನ್ನು ಎಷ್ಟೋ ಓದುಗರು ದಾಟಿ ಹೋಗುತ್ತಾರೆ. ನಾನೂ ಮೊದಲ ಸಲ ದಾಟಿ ಹೋಗಿದ್ದೆ. ಪ್ರಕರಣದ ಕೀಲಿ ಇಲ್ಲಿದೆ ಅಂತ ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಡ್ಯಾಫ್ನೆ ಅನ್ನುವ ಊಹೆ

ತುಂಬಾ ಜನ ನಂಬುವ ಉತ್ತರ ಅಂದರೆ ಹುಡುಗಿಯ ಹೆಸರು ಡ್ಯಾಫ್ನೆ ಅನ್ನುವುದು. ಲೇಖಕಿ ತನ್ನ ಹೆಸರನ್ನೇ ಕೊಟ್ಟು ಮುಚ್ಚಿಟ್ಟಿದ್ದಾಳೆ ಎನ್ನುತ್ತಾರೆ. ಚೆಂದದ ಹೆಸರು, ಗ್ರೀಕ್ ಮೂಲದ್ದು, ಬರೆಯುವಾಗ ಜನ ತಪ್ಪು ಮಾಡುತ್ತಾರೆ. ಎಲ್ಲ ಸರಿ ಹೊಂದಿತು ಅನ್ನಿಸುತ್ತದೆ.

ಹೊಂದುವುದಿಲ್ಲ. ಮ್ಯಾಕ್ಸಿಮ್ ಮೆಚ್ಚಿದ ಹೆಸರು ಅಪ್ಪನಿಗೂ ಒಪ್ಪಿದ ಹೆಸರು. ಅಪ್ಪನ ಹೆಸರು ಡ್ಯಾಫ್ನೆ ಇರುವುದಕ್ಕೆ ಸಾಧ್ಯವೇ ಇಲ್ಲ, ಅದು ಹೆಣ್ಣಿನ ಹೆಸರು. ಅಪ್ಪನಿಗೂ ಮಗಳಿಗೂ ಒಟ್ಟಿಗೆ ಸೇರಿದ ಹೆಸರು ಅಂದರೆ ಮನೆತನದ ಹೆಸರು. ಇಂಗ್ಲಿಷರ ಲೆಕ್ಕದಲ್ಲಿ ಸರ್‌ನೇಮ್. ಲಕೋಟೆಯನ್ನು ಈಗ ಇನ್ನೊಮ್ಮೆ ನೋಡಿ. ಆ ಕಾಲದ ಇಂಗ್ಲಿಷ್ ಗಂಡಸು ಅರೆಪರಿಚಯದ ಕುಮಾರಿಗೆ ಚೀಟಿ ಬರೆದರೆ ಮಿಸ್ ಅಂತ ಹಾಕಿ ಮನೆತನದ ಹೆಸರು ಬರೆಯುತ್ತಾನೆ. ಎರಡು ಸಾಕ್ಷಿಯೂ ಒಂದೇ ಕಡೆ ಕೈ ತೋರಿಸುತ್ತವೆ.

ಹಾಗಾದರೆ ಅವಳನ್ನು ಚಿಕ್ಕಂದಿನಲ್ಲಿ ಅಮ್ಮ ಏನಂತ ಕರೆದಳು? ಆ ಹೆಸರಿನ ಬಗ್ಗೆ ಈ ಸಾಕ್ಷಿಗಳು ಏನೂ ಹೇಳುವುದಿಲ್ಲ. ನಾವು ಚೆಂದ, ಅಪರೂಪ ಅಂತೆಲ್ಲ ಗುಣ ಕಟ್ಟಿ ಹುಡುಕುತ್ತಿರುವುದು ಅವಳ ಎರಡನೇ ಅರ್ಧ ಹೆಸರನ್ನು ಮಾತ್ರ.

ನಮಗೆ ಇದು ಬೇಗ ಅರ್ಥವಾಗಬೇಕು, ಅಲ್ವಾ? ಹೆಸರಿನ ಹಿಂದೆ ಅಪ್ಪನ ಇನಿಷಿಯಲ್ ಇಟ್ಟುಕೊಂಡು ಬೆಳೆದವರು ನಾವು. ಎಷ್ಟೋ ಹೆಣ್ಣುಮಕ್ಕಳು ಮದುವೆಯಾದ ಮೇಲೆ ಬ್ಯಾಂಕಿನಲ್ಲಿ, ರೇಷನ್ ಕಾರ್ಡಿನಲ್ಲಿ, ಆಧಾರ್‌ನಲ್ಲಿ ಆ ಅಕ್ಷರ ಬದಲಿಸಲು ಓಡಾಡಿದ್ದಾರೆ. ಒಂದೇ ಒಂದು ಅಕ್ಷರ. ಅದು ಹೋದಾಗ ಏನು ಹೋಯಿತು ಅನ್ನುವುದು ಅಪ್ಪನನ್ನು ಕಳೆದುಕೊಂಡವರಿಗೆ ಇನ್ನೂ ಚೆನ್ನಾಗಿ ಗೊತ್ತಿರುತ್ತದೆ. ಕಾದಂಬರಿಯ ಹುಡುಗಿಗೆ ಅಪ್ಪನಿಂದ ಉಳಿದದ್ದು ಆ ಹೆಸರು. ಅದನ್ನು ಮೆಚ್ಚಿದವನನ್ನೇ ಮದುವೆಯಾಗುತ್ತಾಳೆ. ಮದುವೆಯಾದ ಗಳಿಗೆಯಿಂದ ಆ ಹೆಸರು ಇಲ್ಲವಾಗುತ್ತದೆ. ಚೆಂದದ ಹೆಸರು ಅಂತ ಹೊಗಳಿದವನೇ ಅದನ್ನು ಅಳಿಸಿದವನೂ ಆದ.

ಲೇಖಕಿಯ ಹೇಳಿಕೆ

ಡು ಮೋರಿಯೇ ಅವರಿಗೆ ಈ ಪ್ರಶ್ನೆ ಬದುಕಿಡೀ ಬೆನ್ನು ಹತ್ತಿತ್ತು. ಅವರು ಕೊಟ್ಟ ಉತ್ತರ ತೀರಾ ಸರಳ. ಬರೆಯುವಾಗ ಒಂದು ಹೆಸರು ಹೊಳೆಯಲಿಲ್ಲ. ಆಮೇಲೆ ಹೆಸರಿಲ್ಲದೆ ಬರೆಯುವುದೇ ಒಂದು ಸವಾಲಾಯಿತು. 'ನಾನು' ಎಂದು ಹೇಳುವ ಕಥೆಯಾದ್ದರಿಂದ ಅದು ಸುಲಭವೂ ಆಯಿತು.

ಈ ಹೇಳಿಕೆಯನ್ನು ನಾನು ನಂಬುತ್ತೇನೆ. ಕಾದಂಬರಿಗೆ ಮುಂಚೆ ಅವರು ಒಂದು ನೋಟ್‌ಬುಕ್ಕಿನಲ್ಲಿ ಅಧ್ಯಾಯವಾರು ಯೋಜನೆ ಬರೆದಿಟ್ಟಿದ್ದರು. ಬೇರೊಬ್ಬರ ಕೃತಿಯನ್ನು ಕದ್ದಿದ್ದಾರೆ ಎಂದು ಅಮೆರಿಕದಲ್ಲಿ ಮೊಕದ್ದಮೆ ಬಿದ್ದಾಗ, 1947ರಲ್ಲಿ ಅದೇ ನೋಟ್‌ಬುಕ್ ಹಿಡಿದು ನ್ಯೂಯಾರ್ಕಿನ ನ್ಯಾಯಾಲಯಕ್ಕೆ ಹೋಗಿದ್ದರು. ಮುಂದೆ ಅದು ಅಚ್ಚಾಯಿತು. ಆ ಯೋಜನೆಯಲ್ಲಿ ಗಂಡನ ಹೆಸರು ಮ್ಯಾಕ್ಸಿಮ್ ಅಲ್ಲ, ಹೆನ್ರಿ. ಅಂದರೆ ಗಂಡನಿಗೆ ಒಂದು ಹೆಸರು ಕೊಟ್ಟು, ಬೇಡ ಅನ್ನಿಸಿ, ಇನ್ನೊಂದು ಕೊಟ್ಟರು. ಹೆಂಡತಿಗೆ ಮಾತ್ರ ಹೆಸರು ಬರಲೇ ಇಲ್ಲ.

ನಂಬುತ್ತೇನೆ, ಆದರೆ ಅಲ್ಲಿಗೇ ನಿಲ್ಲಲು ಮನಸ್ಸಾಗುವುದಿಲ್ಲ. ಯಾಕೆ ಹೊಳೆಯಲಿಲ್ಲ?

1937ರಲ್ಲಿ ಡು ಮೋರಿಯೇ ಇದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. ಗಂಡ ಫ್ರೆಡರಿಕ್ ಬ್ರೌನಿಂಗ್ ಅಲ್ಲಿ ಗ್ರೆನೇಡಿಯರ್ ಗಾರ್ಡ್ಸ್ ಪಡೆಯ ಎರಡನೇ ಬೆಟಾಲಿಯನ್ನಿನ ಮುಖ್ಯಸ್ಥ. ಅಧಿಕಾರಿಯ ಹೆಂಡತಿ ಅಂದ ಮೇಲೆ ಔತಣ, ಅತಿಥಿ, ಕುಶಲೋಪರಿ ತಪ್ಪಿದ್ದಲ್ಲ. ನಾಚಿಕೆ ಸ್ವಭಾವದ ಅವರಿಗೆ ಅದೆಲ್ಲ ಹಿಂಸೆ. ಬಿಸಿಲು ಆಗುತ್ತಿರಲಿಲ್ಲ. ಮನಸ್ಸೆಲ್ಲಾ ಕಾರ್ನ್‌ವಾಲ್‌ನಲ್ಲಿ, ಅಲ್ಲಿ ಖಾಲಿ ಬಿದ್ದಿದ್ದ ಮೆನಬಿಲಿ ಎಂಬ ಹಳೆಯ ಬಂಗಲೆಯ ಮೇಲೆ. ಮ್ಯಾಂಡರ್ಲಿ ಹುಟ್ಟಿದ್ದು ಬಹಳ ಮಟ್ಟಿಗೆ ಆ ಮನೆಯಿಂದ. ಮೊದಲು ಬರೆದ ಸುಮಾರು 15,000 ಪದಗಳನ್ನು ಹರಿದು ಎಸೆದರು. ಮತ್ತೆ ಶುರು ಮಾಡಿದರು.

ಬ್ರೌನಿಂಗ್ ಅವರಿಗೆ ಮೊದಲು ಜ್ಯಾನ್ ರಿಕಾರ್ಡೋ ಎಂಬಾಕೆಯ ಜೊತೆ ನಿಶ್ಚಿತಾರ್ಥವಾಗಿ ಮುರಿದಿತ್ತು. ಆಕೆ ಬರೆದ ಹಳೆಯ ಪತ್ರಗಳು ಡು ಮೋರಿಯೇ ಕಣ್ಣಿಗೆ ಬಿದ್ದಿದ್ದವು. ಆ ಸಹಿಯಲ್ಲಿ ದೊಡ್ಡದಾಗಿ ಬರೆದ 'ಆರ್' ಅಕ್ಷರ ಅವರ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಕಾದಂಬರಿಯ ರೆಬೆಕ್ಕಾಳ ಓರೆಯಾದ, ಉಳಿದ ಅಕ್ಷರಗಳನ್ನೆಲ್ಲ ತುಳಿದು ನಿಂತ ಆ 'ಆರ್' ಬಂದದ್ದು ಇಲ್ಲಿಂದ.

ಇದು ಎಲ್ಲರೂ ಹೇಳುವ ಮಾತು. ನನ್ನ ಗಮನ ಹೋಗುವುದು ಇನ್ನೊಂದು ಕಡೆಗೆ. ಅಲೆಕ್ಸಾಂಡ್ರಿಯಾದ ಔತಣಗಳಲ್ಲಿ ಡ್ಯಾಫ್ನೆ ಡು ಮೋರಿಯೇ ಯಾರು? ಮಿಸೆಸ್ ಬ್ರೌನಿಂಗ್. ಬರೆಯುವಾಗ ಮಾತ್ರ ಡು ಮೋರಿಯೇ. ಆ ಮನೆತನದ ಹೆಸರು ಇಂಗ್ಲೆಂಡಿನಲ್ಲಿ ಅಪರೂಪದ್ದೇ, ಫ್ರೆಂಚ್ ಹೆಸರು, ಬರೆಯಲು ಕಷ್ಟದ್ದು. ಅಪ್ಪ ಸರ್ ಜೆರಾಲ್ಡ್ ಡು ಮೋರಿಯೇ ಲಂಡನ್ ರಂಗಭೂಮಿಯ ದೊಡ್ಡ ನಟ. ಅವರ ಹೆಸರಿನ ಸಿಗರೇಟೇ ಮಾರುಕಟ್ಟೆಯಲ್ಲಿತ್ತು. 1934ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಮಗಳು ಅಪ್ಪನ ಜೀವನಚರಿತ್ರೆ ಬರೆದು ಪ್ರಕಟಿಸಿದರು. ಮೂರು ವರ್ಷದ ನಂತರ ಅವರ ಕಥೆಯ ಹುಡುಗಿ ಊಟದ ಮೇಜಿನಲ್ಲಿ ಕೂತು, ನಮ್ಮಪ್ಪ ಚೆಂದದ ಅಪರೂಪದ ಮನುಷ್ಯ ಎನ್ನುತ್ತಾಳೆ.

ಇದರಿಂದ ನಿರೂಪಕಿಯ ಹೆಸರು ಡು ಮೋರಿಯೇ ಎಂದು ಸಾಬೀತಾಗುವುದಿಲ್ಲ. ಆ ಊಟದ ಮೇಜಿಗೆ ಭಾವ ಎಲ್ಲಿಂದ ಬಂತು ಅನ್ನುವುದು ತಿಳಿಯುತ್ತದೆ ಅಷ್ಟೆ. ನನಗೆ ಅನ್ನಿಸುವುದು ಹೀಗೆ: ಅಪ್ಪನ ಹೆಸರನ್ನು ಬಿಟ್ಟುಕೊಡದೆ ಬರೆಯುತ್ತಿದ್ದ ಹೆಣ್ಣಿಗೆ, ಅಪ್ಪನ ಹೆಸರು ಕಳೆದುಕೊಂಡ ಇನ್ನೊಬ್ಬಳಿಗೆ ಬೇರೆ ಯಾವುದೋ ಹೆಸರು ಹುಡುಕಿ ಅಂಟಿಸಲು ಮನಸ್ಸು ಒಪ್ಪಿರಲಿಕ್ಕಿಲ್ಲ. ಇದು ನನ್ನ ಊಹೆ, ಊಹೆ ಅಂತಲೇ ಓದಿಕೊಳ್ಳಿ.

ಮುಚ್ಚಿಟ್ಟ ಬಗೆ

'ನಾನು' ಅಂತ ಬರೆದರೆ ಹೆಸರು ಮುಚ್ಚುವುದು ಸುಲಭ ಅನ್ನಿಸಬಹುದು. ಬರೆದು ನೋಡಿದರೆ ಗೊತ್ತಾಗುತ್ತದೆ. ನಿಮ್ಮನ್ನು ನೀವು ಹೆಸರು ಹಿಡಿದು ಕರೆದುಕೊಳ್ಳುವುದಿಲ್ಲ, ನಿಜ. ಉಳಿದವರು ಕರೆಯುತ್ತಾರಲ್ಲ! ಗಂಡ ಕರೆಯಬೇಕು, ನಾದಿನಿ ಕರೆಯಬೇಕು, ಅತಿಥಿಗಳಿಗೆ ಪರಿಚಯ ಮಾಡಿಕೊಡಬೇಕು.

ಡು ಮೋರಿಯೇ ಒಂದೊಂದು ಬಾಗಿಲನ್ನೂ ಮುಚ್ಚುತ್ತಾ ಹೋಗುತ್ತಾರೆ. ಮನೆಯ ಆಳುಗಳಿಗೆ ಅವಳು 'ಮೇಡಂ'. ಎಸ್ಟೇಟ್ ನೋಡಿಕೊಳ್ಳುವ ಫ್ರ್ಯಾಂಕ್ ಕ್ರಾಲಿಗೆ 'ಮಿಸೆಸ್ ಡಿ ವಿಂಟರ್'. ಮ್ಯಾಕ್ಸಿಮ್‌ಗೆ ಅವಳು ಮಗು, ಅಥವಾ ಪೆದ್ದಿ. ಮದುವೆಯಾಗು ಅಂತ ಕೇಳುವಾಗಲೂ ಪೆದ್ದಿ ಎಂದೇ ಕರೆಯುತ್ತಾನೆ. ಪ್ರೀತಿ ಇದೆ, ಹೆಸರಿಲ್ಲ.

ಎಲ್ಲಕ್ಕಿಂತ ದೊಡ್ಡ ಬಾಗಿಲು ಮದುವೆ. ಅಲ್ಲಿ ಹೆಸರು ಕೂಗಲೇಬೇಕು, ಬರೆಯಲೇಬೇಕು. ಡು ಮೋರಿಯೇ ಏನು ಮಾಡಿದರು ನೋಡಿ. ಒಂದು ಅಧ್ಯಾಯ ಮಾಂಟೆ ಕಾರ್ಲೋದಲ್ಲಿ ಮುಗಿಯುತ್ತದೆ. ಮುಂದಿನ ಅಧ್ಯಾಯ ತೆರೆದರೆ ಗಂಡ ಹೆಂಡತಿ ಮೇ ತಿಂಗಳಲ್ಲಿ ಮ್ಯಾಂಡರ್ಲಿಗೆ ಬರುತ್ತಿದ್ದಾರೆ. ಮದುವೆಯ ದೃಶ್ಯವೇ ಇಲ್ಲ. ಬಿಳಿ ಉಡುಪು, ಚರ್ಚು, ಗಂಟೆ ಯಾವುದೂ ಬೇಡ, ಅಂಥ ಮದುವೆ ನನಗೆ ಒಮ್ಮೆ ಆಗಿದೆ ಎಂದು ಮ್ಯಾಕ್ಸಿಮ್ ಮೊದಲೇ ಹೇಳಿಬಿಟ್ಟಿರುತ್ತಾನೆ. ಓದುವಾಗ ಆ ಮಾತು ಹುಡುಗಿಯನ್ನು ನೋಯಿಸಲಿಕ್ಕೆ ಬಂದದ್ದು ಅನ್ನಿಸುತ್ತದೆ. ಅದು ಹೆಸರನ್ನೂ ಕಾಪಾಡುತ್ತಿದೆ ಅಂತ ನನಗೆ ಹೊಳೆದದ್ದು ಬಹಳ ತಡವಾಗಿ. ಒಂದೇ ಏಟಿಗೆ ಎರಡು ಕೆಲಸ.

ಕನ್ನಡದಲ್ಲಿ ಬರೆದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ. ನಾದಿನಿ 'ಅತ್ತಿಗೆ' ಅನ್ನುತ್ತಿದ್ದಳು. ಆಳುಗಳು 'ಅಮ್ಮಾವ್ರೇ' ಅನ್ನುತ್ತಿದ್ದರು. ಗಂಡ 'ಏ, ಇಲ್ಲಿ ಬಾ' ಅಂದಿದ್ದರೆ ಸಾಕಿತ್ತು. ಊರವರಿಗೆ ಅವಳು ಇಂಥವರ ಸೊಸೆ. ನಮ್ಮ ಅಜ್ಜಿಯನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೇ ಇಲ್ಲ. ಹತ್ತು ಹನ್ನೆರಡು ವರ್ಷವಾಗುವವರೆಗೆ ಅಜ್ಜಿಗೊಂದು ಹೆಸರಿದೆ ಅನ್ನುವುದೇ ನನ್ನ ತಲೆಗೆ ಬಂದಿರಲಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದುವಾಗಲೂ ಹಾಗೇ. ಅಲ್ಲಿ ಕಥೆ ಹೇಳುವವನಿಗೆ ಹೆಸರಿಲ್ಲ. ಅಪ್ಪ, ಅಮ್ಮ, ಚಿಕ್ಕಪ್ಪ ಅನ್ನುವ ಮಾತುಗಳ ನಡುವೆ ಆ ಕೊರತೆ ನಮಗೆ ಕಾಣುವುದೇ ಇಲ್ಲ. ಇಂಗ್ಲೆಂಡಿನ ಬಂಗಲೆಯಲ್ಲಿ ಈ ಅನುಕೂಲ ಇಲ್ಲ. ಅಲ್ಲಿ ಬಿಯಾಟ್ರಿಸ್ ಅನ್ನುವ ನಾದಿನಿ ತಮ್ಮನ ಹೆಂಡತಿಯನ್ನು ಹೆಸರಿನಿಂದಲೇ ಕರೆಯುವವಳು. ಅವಳ ಬಾಯಿಂದ ಆ ಹೆಸರು ಬರದ ಹಾಗೆ ಪುಟಗಟ್ಟಲೆ ಮಾತಾಡಿಸುವುದು ಸಣ್ಣ ಕೈಚಳಕವಲ್ಲ.

ಇನ್ನೊಬ್ಬಳ ಹೆಸರಿನಲ್ಲಿ

ಮದುವೆಗೆ ಒಪ್ಪಿದ ಹೊತ್ತಿನಲ್ಲಿ ಹುಡುಗಿ ಮನಸ್ಸಿನಲ್ಲೇ ಹೊಸ ಹೆಸರನ್ನು ಹಾಕಿಕೊಂಡು ನೋಡುತ್ತಾಳೆ. ಮಿಸೆಸ್ ಡಿ ವಿಂಟರ್. ಚೆಕ್ಕಿನ ಮೇಲೆ ಆ ಸಹಿ ಹೇಗಿರುತ್ತದೆ, ಊಟಕ್ಕೆ ಕರೆಯುವ ಪತ್ರದಲ್ಲಿ ಹೇಗೆ ಕಾಣುತ್ತದೆ ಎಂದು ಕನಸು ಕಾಣುತ್ತಾಳೆ. ಮೈತುಂಬಾ ಖುಷಿ. ಮ್ಯಾಕ್ಸಿಮ್ ಕೊಟ್ಟಿದ್ದ ಕವನ ಪುಸ್ತಕದಲ್ಲಿ ರೆಬೆಕ್ಕಾ ಬರೆದುಕೊಟ್ಟ ಹಾಳೆ ಇರುತ್ತದೆ. ಅದನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾಳೆ. ಹಾಳೆ ಸುಟ್ಟು ಮುದುಡುತ್ತದೆ. ಕಡೆಯವರೆಗೂ ಉಳಿಯುವುದು ಆ 'ಆರ್'. ಉರಿಯಲ್ಲಿ ಅದು ಇನ್ನೂ ದೊಡ್ಡದಾಗಿ ಕಾಣುತ್ತದೆ.

ಮ್ಯಾಂಡರ್ಲಿಗೆ ಬಂದ ಮೊದಲ ದಿನಗಳಲ್ಲೇ ಒಂದು ಬೆಳಗ್ಗೆ ರೆಬೆಕ್ಕಾಳ ಕೋಣೆಯಲ್ಲಿ, ರೆಬೆಕ್ಕಾಳ ಮೇಜಿನ ಮುಂದೆ ಕೂತಿದ್ದಾಗ ಫೋನ್ ಹೊಡೆಯುತ್ತದೆ. "ಮಿಸೆಸ್ ಡಿ ವಿಂಟರ್?" ಎಂದು ಕೇಳುತ್ತದೆ ಆ ಕಡೆಯ ದನಿ. ತಪ್ಪು ಮಾಡಿದ್ದೀರಿ, ಮಿಸೆಸ್ ಡಿ ವಿಂಟರ್ ಸತ್ತು ವರ್ಷದ ಮೇಲಾಯಿತು ಎಂದು ಇವಳು ಉತ್ತರ ಕೊಡುತ್ತಾಳೆ. ಹೇಳಿದ ಮೇಲೆ ತಿಳಿಯುತ್ತದೆ: ಅದು ಮನೆಯೊಳಗಿನ ಫೋನು, ಕೇಳಿದ್ದು ಮನೆಯ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್, ಕೇಳಿದ್ದು ತನ್ನನ್ನೇ.

ಇಡೀ ಪುಸ್ತಕದಲ್ಲಿ ನನಗೆ ಅತಿ ಹೆಚ್ಚು ಸಂಕಟ ಕೊಡುವ ಜಾಗ ಇದು. ಮುಂದೆ ಬರುವ ಕೊಲೆಯ ವಿವರಕ್ಕಿಂತ ಜಾಸ್ತಿ. ತನ್ನನ್ನು ಕರೆದಾಗ ಅವಳು ಆ ಹೆಸರಿನವಳು ಸತ್ತಿದ್ದಾಳೆ ಎಂದು ಹೇಳುತ್ತಾಳೆ. ಅಪ್ಪನ ಹೆಸರು ಹೋಗಿದೆ. ಗಂಡನ ಹೆಸರು ತನ್ನದು ಅಂತ ಇನ್ನೂ ಮೈಗೆ ಹತ್ತಿಲ್ಲ. ನಮ್ಮ ಕರಾವಳಿಯ ಸಾರಸ್ವತ ಮನೆಗಳಲ್ಲಿ ಮದುಮಗಳಿಗೆ ಹೊಸ ಹೆಸರಿಟ್ಟು, ತಟ್ಟೆಯಲ್ಲಿ ಅಕ್ಕಿ ಹರಡಿ ಅದರ ಮೇಲೆ ಬರೆಯುವ ಪದ್ಧತಿ ಇತ್ತು. ಬಂದವಳಿಗೆ ತನ್ನದೇ ಹೆಸರು ಹೋಗುತ್ತಿತ್ತು, ಅದು ನೋವೇ. ಆದರೆ ಸಿಗುವ ಹೆಸರಾದರೂ ಅವಳೊಬ್ಬಳಿಗೆ ಅಂತ ಬರೆದದ್ದು. ಮ್ಯಾಂಡರ್ಲಿಯಲ್ಲಿ ಸಿಕ್ಕಿದ್ದು ಸತ್ತವಳು ಬಿಟ್ಟುಹೋದದ್ದು.

ಆಮೇಲೆ ವೇಷದ ಔತಣ ಬರುತ್ತದೆ. ಮಿಸೆಸ್ ಡ್ಯಾನ್ವರ್ಸ್ ಮಾತು ಕೇಳಿ ಅವಳು ಗೋಡೆಯ ಮೇಲಿನ ಹಳೆಯ ಚಿತ್ರದಲ್ಲಿರುವ ಕ್ಯಾರೊಲಿನ್ ಡಿ ವಿಂಟರ್ ಹಾಗೆ ಉಡುಪು ಹೊಲಿಸಿಕೊಳ್ಳುತ್ತಾಳೆ. ಮೆಟ್ಟಿಲ ಮೇಲೆ ನಿಂತಾಗ ನಗಾರಿ ಹೊಡೆದು ಕೂಗುತ್ತಾರೆ: ಮಿಸ್ ಕ್ಯಾರೊಲಿನ್ ಡಿ ವಿಂಟರ್! ಕೆಳಗೆ ನಿಂತವರ ಮುಂದೆ ಅವಳ ಪರವಾಗಿ ಒಂದು ಹೆಸರು ಕೂಗುವುದು ಅದೊಂದೇ ಸಲ. ಅದೂ ಅವಳದ್ದಲ್ಲ. ಸಾಯುವ ಮುಂಚಿನ ಔತಣದಲ್ಲಿ ರೆಬೆಕ್ಕಾ ತೊಟ್ಟದ್ದೂ ಅದೇ ವೇಷ ಅಂತ ಅವಳಿಗೆ ಗೊತ್ತಾಗುವುದು ಆಮೇಲೆ, ಬಿಯಾಟ್ರಿಸ್ ಬಂದು ಹೇಳಿದಾಗ.

ಬೇರೆಯವರು ಮಾಡಿದ್ದು

1940ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಸಿನಿಮಾ ಮಾಡಿದರು. ಜೋನ್ ಫಾಂಟೇನ್ ನಿರೂಪಕಿ, ಲಾರೆನ್ಸ್ ಒಲಿವಿಯೆ ಮ್ಯಾಕ್ಸಿಮ್. ಆ ವರ್ಷದ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಬಂತು. ಸಿನಿಮಾದಲ್ಲಿ 'ನಾನು' ಅನ್ನುವ ಆಸರೆ ಶುರುವಿನಲ್ಲಿ ಸ್ವಲ್ಪ ಹೊತ್ತು ಮಾತ್ರ, ಆದರೂ ಅಲ್ಲೂ ಅವಳಿಗೆ ಹೆಸರಿಲ್ಲ. ಹಿಚ್‌ಕಾಕ್ ಮದುವೆಯನ್ನು ಬಿಡಲಿಲ್ಲ. ಮದುವೆ ಕಚೇರಿಯಿಂದ ಹೊರಬಂದವರು ಮದುವೆಯ ಕಾಗದವನ್ನೇ ಮರೆತಿರುತ್ತಾರೆ. ಮೇಲಿನಿಂದ ಕೂಗಿ ಅದನ್ನು ಕೆಳಗೆ ಎಸೆಯುತ್ತಾರೆ. ಅವಳ ಪೂರ್ತಿ ಹೆಸರು ಬರೆದಿರುವ ಕಾಗದ ಗಾಳಿಯಲ್ಲಿ ಬರುತ್ತದೆ, ನಾವು ಓದುವಷ್ಟು ಹತ್ತಿರ ಬರುವುದಿಲ್ಲ. 2020ರಲ್ಲಿ ನೆಟ್‌ಫ್ಲಿಕ್ಸ್‌ಗೆ ಮತ್ತೆ ಸಿನಿಮಾ ಮಾಡಿದವರೂ ಅವಳಿಗೆ ಹೆಸರು ಕೊಡಲಿಲ್ಲ.

ನಮ್ಮ ದೇಶದಲ್ಲಿ ಬೇರೆ ದಾರಿ ಹಿಡಿದರು. 1964ರಲ್ಲಿ ಬೀರೇನ್ ನಾಗ್ ನಿರ್ದೇಶಿಸಿದ 'ಕೊಹ್ರಾ' ಹಿಂದಿ ಸಿನಿಮಾ ಇದೇ ಕಥೆಯ ಮೇಲೆ ನಿಂತದ್ದು. ವಹೀದಾ ರೆಹಮಾನ್ ಅದರ ನಾಯಕಿ. ಅಲ್ಲಿ ಅವಳು ರಾಜೇಶ್ವರಿ. ವಹೀದಾ ಅಭಿನಯ ನನಗೆ ತುಂಬಾ ಇಷ್ಟ. ಆದರೆ ಸಿನಿಮಾ ನೋಡುವಾಗ ಒಂದು ಸಂಗತಿ ಅನುಭವಕ್ಕೆ ಬಂತು. ರಾಜೇಶ್ವರಿಗೆ ಹೆದರಿಕೆಯಾದಾಗ ನನಗೆ ಅವಳ ಮೇಲೆ ಕನಿಕರ ಬಂತು, ನನಗೇ ಹೆದರಿಕೆಯಾಗಲಿಲ್ಲ. ಪುಸ್ತಕದಲ್ಲಿ ಹೆದರಿದವಳು ನಾನು.

ಎರಡನೇ ಪ್ರಶ್ನೆ

ಆ ದಿನ ಅಮ್ಮ ಸೊಪ್ಪು ಬಿಡಿಸಿ ಮುಗಿಸಿದರೂ ಏಳಲಿಲ್ಲ. ಹೆಸರಿಲ್ಲದೆಯೇ 'ಆ ಹುಡುಗಿ, ಆ ಹುಡುಗಿ' ಅಂತ ಕಥೆ ಮುಂದುವರಿಸಿದೆ. ಸಮುದ್ರದ ತಳದಲ್ಲಿ ರೆಬೆಕ್ಕಾಳ ದೋಣಿ ಸಿಕ್ಕಿತು, ಒಳಗೆ ಒಂದು ಹೆಣ ಇತ್ತು, ಅದೇ ರೆಬೆಕ್ಕಾ ಅಂತ ಹೇಳಿದೆ. ಮ್ಯಾಕ್ಸಿಮ್ ತಾನೇ ಕೊಂದದ್ದಾಗಿ ಹೆಂಡತಿಗೆ ಹೇಳುತ್ತಾನೆ ಅಂದೆ. ರೆಬೆಕ್ಕಾ ಸಾಯುವ ದಿನ ಲಂಡನ್ನಿನಲ್ಲಿ ಡಾಕ್ಟರ ಹತ್ತಿರ ಹೋಗಿದ್ದಳು, ಡಾಕ್ಟರ ಪುಸ್ತಕದಲ್ಲಿ ಅವಳ ಹೆಸರು ಇರಲಿಲ್ಲ, ಡ್ಯಾನ್ವರ್ಸ್ ಅಂತ ಬರೆಸಿದ್ದಳು ಅಂದೆ. ಊರಿಡೀ ಹರಡಿದ್ದ ಹೆಸರನ್ನು, ಕ್ಯಾನ್ಸರ್ ಗೊತ್ತಾದ ಆ ಒಂದು ದಿನ ಅವಳೂ ಹೊರಗೆ ಬಿಟ್ಟು ಹೋಗಿದ್ದಳು.

ಅಮ್ಮ ತಡೆದರು.

"ನಿಲ್ಲು. ದೋಣಿಯಲ್ಲಿ ಇದ್ದವಳು ರೆಬೆಕ್ಕಾ ಆದರೆ, ಮೊದಲೇ ಮಣ್ಣು ಮಾಡಿದ್ರಲ್ಲ, ಅವಳು ಯಾರು?"

ನಾನು ಆ ಪ್ರಶ್ನೆಯನ್ನು ಕೇಳಿಕೊಂಡೇ ಇರಲಿಲ್ಲ. ನಿರೂಪಕಿಯ ಹೆಸರು ಹುಡುಕುವವರಲ್ಲೂ ಅದನ್ನು ಕೇಳುವವರು ಕಮ್ಮಿ.

ಪುಸ್ತಕದಲ್ಲಿ ಇರುವುದು ಇಷ್ಟು. ರೆಬೆಕ್ಕಾ ಕಾಣೆಯಾಗಿ ಎರಡು ತಿಂಗಳಾದ ಮೇಲೆ ಎಜ್‌ಕೂಮ್ ಹತ್ತಿರ ಒಂದು ಹೆಂಗಸಿನ ಹೆಣ ದಡಕ್ಕೆ ಬಂತು. ಮ್ಯಾಂಡರ್ಲಿಯಿಂದ ಸುಮಾರು ನಲವತ್ತು ಮೈಲಿ ದೂರ. ಗುರುತು ಹಿಡಿಯಲು ಮ್ಯಾಕ್ಸಿಮ್ ಒಬ್ಬನೇ ಹೋದ. ನನ್ನ ಹೆಂಡತಿಯೇ ಅಂದ. ರೆಬೆಕ್ಕಾ ಅನ್ನುವ ಹೆಸರಿನಲ್ಲಿ ಅವಳನ್ನು ಡಿ ವಿಂಟರ್ ಮನೆತನದ ನೆಲಮಾಳಿಗೆಯ ಸಮಾಧಿಯಲ್ಲಿ ಇಟ್ಟರು. ಅವಳು ಯಾವ ಊರಿನವಳೋ, ಯಾರ ಮಗಳೋ ಮ್ಯಾಕ್ಸಿಮ್‌ಗೂ ಗೊತ್ತಿಲ್ಲ. ಅವಳನ್ನು ಹುಡುಕಿಕೊಂಡು ಯಾರೂ ಬರಲಿಲ್ಲ.

ಮಿಸೆಸ್ ಡಿ ವಿಂಟರ್ ಅನ್ನುವ ಹೆಸರು ಹೊತ್ತವರು ಆ ಪುಸ್ತಕದಲ್ಲಿ ಇಬ್ಬರು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ನಾನು ಈಗ ಮೂವರನ್ನು ಎಣಿಸುತ್ತೇನೆ. ನಿರೂಪಕಿಗೆ ಒಂದು ಹೆಸರು ಇತ್ತು, ಅದು ಚೆನ್ನಾಗಿತ್ತು, ಅವಳ ಅಪ್ಪನದ್ದಾಗಿತ್ತು, ಒಬ್ಬನಾದರೂ ಅದನ್ನು ಲಕೋಟೆಯ ಮೇಲೆ ತಪ್ಪಿಲ್ಲದೆ ಬರೆದ. ಸಮಾಧಿಯಲ್ಲಿ ಇದ್ದವಳ ಬಗ್ಗೆ ಅಷ್ಟೂ ಇಲ್ಲ.

ಅಮ್ಮನಿಗೆ ಆ ದಿನ ಇಷ್ಟನ್ನೂ ಹೇಳಲು ನನಗೆ ಗೊತ್ತಿರಲಿಲ್ಲ. "ಗೊತ್ತಿಲ್ಲಮ್ಮ, ಪುಸ್ತಕದಲ್ಲಿ ಹೇಳಿಲ್ಲ" ಅಂದೆ. ಅಮ್ಮ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಒಗ್ಗರಣೆ ಹಾಕುವಾಗ ಅಲ್ಲಿಂದಲೇ ಕೂಗಿ ಕೇಳಿದರು, "ಅವಳ ಮನೆಯವರು ಇನ್ನೂ ಕಾಯ್ತಾ ಇರ್ತಾರೇನೋ, ಅಲ್ವಾ?"